ಬ್ರೆಡ್‌ಗೆ ಚಪಾತಿ ಹದ ಸಾಲದು, ಹೋಳಿಗೆ ಕಣಕದ ಹದ ಬೇಕು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ, ಅಡಿಕೆ ತೋಟದ ಮನೆ. ಪೇಟೆ ದೂರ. ಮಕ್ಕಳು ಹಾಸ್ಟೆಲ್‌ನಿಂದ ರಜೆಗೆ ಬಂದರೆ ಸಂಜೆ ಸ್ಯಾಂಡ್‌ವಿಚ್ ಬೇಕು ಅಂತಾರೆ. ಪೇಟೆಯಿಂದ ತಂದ ಬ್ರೆಡ್ಡಿಗೆ ಮಳೆಗಾಲದಲ್ಲಿ ಮೂರನೇ ದಿನಕ್ಕೆ ಬೂಷ್ಟು ಬರುತ್ತೆ. ಮನೆಯಲ್ಲೇ ಮಾಡೋಣ ಅಂತ ಗೋಧಿ ಹಿಟ್ಟಿಗೆ ಯೀಸ್ಟ್ ಹಾಕಿ, ಚಪಾತಿ ಹದಕ್ಕೆ ಕಲೆಸಿ, ಪಾಕದಲ್ಲಿ ಹೇಳಿದ್ದ ಹಾಗೆ ಒಂದು ಗಂಟೆ ಇಟ್ಟು ಕುಕ್ಕರ್‌ನಲ್ಲಿ ಬೇಯಿಸಿದೆ. ಚಾಕು ಇಳಿಯದಷ್ಟು ಗಟ್ಟಿ ಆಯ್ತು. ಓವನ್ ತಗೊಳ್ಳಲೇಬೇಕಾ? ಅತ್ತೆಯವರು ಯೀಸ್ಟ್ ಮಾಂಸಾಹಾರ ಅಲ್ವಾ ಅಂತ ಕೇಳ್ತಾರೆ, ಅವರಿಗೆ ಏನು ಹೇಳಲಿ? ಬ್ರೆಡ್ ಒಳಗಿಡಲು ಮನೆಯಲ್ಲೇ ಸಿಗುವಂಥದ್ದು ಏನಾದರೂ ಇದ್ದರೆ ತಿಳಿಸಿ.

ಉತ್ತರ: ನಿಮ್ಮ ಪತ್ರದ ಒಂದೇ ಮಾತಿನಲ್ಲಿ ಕಾರಣ ಸಿಕ್ಕಿತು. "ಚಪಾತಿ ಹದಕ್ಕೆ ಕಲೆಸಿ" ಅಂದಿದ್ದೀರಲ್ಲ, ಬ್ರೆಡ್ ಕೆಟ್ಟಿದ್ದು ಅಲ್ಲೇ. ಕುಕ್ಕರ್‌ನದು ತಪ್ಪಿಲ್ಲ, ಓವನ್ ಇಲ್ಲದಿದ್ದದ್ದೂ ಕಾರಣವಲ್ಲ. ಆ ಹಿಟ್ಟನ್ನು ಬೇಕರಿಯ ದೊಡ್ಡ ಓವನ್ನಿಗೆ ಇಟ್ಟಿದ್ದರೂ ಹೊರಗೆ ಬರುತ್ತಿದ್ದದ್ದು ಅದೇ ಗಟ್ಟಿ ಉಂಡೆ.

ಚಪಾತಿ ಹಿಟ್ಟು ಗಟ್ಟಿ ಇರಬೇಕು, ಇಲ್ಲದಿದ್ದರೆ ಲಟ್ಟಿಸಲು ಬರುವುದಿಲ್ಲ. ಬ್ರೆಡ್ ಹಿಟ್ಟು ಹೋಳಿಗೆ ಕಣಕದ ಹಾಗಿರಬೇಕು. ಕೈಗೆ ಸ್ವಲ್ಪ ಅಂಟಬೇಕು, ಎಳೆದರೆ ಹರಿಯದೆ ಹಿಗ್ಗಬೇಕು, ಪಾತ್ರೆಯಲ್ಲಿ ಬಿಟ್ಟರೆ ನಿಧಾನಕ್ಕೆ ಹರಡಿಕೊಳ್ಳಬೇಕು. ಹಬ್ಬಕ್ಕೆ ಹೋಳಿಗೆ ಮಾಡುವ ಮನೆಯಾದರೆ ಬ್ರೆಡ್ಡಿನ ಅರ್ಧ ವಿದ್ಯೆ ನಿಮಗೆ ಆಗಲೇ ಬಂದಿದೆ. ಕಣಕವನ್ನು ನಾದಿ, ಎಣ್ಣೆ ಹಾಕಿ, ಗಂಟೆಗಟ್ಟಲೆ ನೆನೆಯಲು ಬಿಡುತ್ತೀರಿ ಅಲ್ವಾ? ಆಮೇಲೆ ಹೂರಣದ ಸುತ್ತ ಎಳೆದರೆ ಅದು ತೆಳ್ಳಗೆ ಪೊರೆಯಾಗಿ ಬರುತ್ತದೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಮಾಡುವ ಕೆಲಸ ಅದು. ಬ್ರೆಡ್ಡಿನಲ್ಲಿ ಹೂರಣದ ಜಾಗದಲ್ಲಿ ಯೀಸ್ಟ್ ಬಿಡುವ ಗಾಳಿ ಇರುತ್ತದೆ, ಅಷ್ಟೇ ವ್ಯತ್ಯಾಸ. ಪೊರೆ ಹಿಗ್ಗಿದರೆ ಗಾಳಿ ಒಳಗೆ ನಿಲ್ಲುತ್ತದೆ, ಬ್ರೆಡ್ ಹಗುರಾಗುತ್ತದೆ. ಹಿಟ್ಟು ಗಟ್ಟಿಯಾಗಿದ್ದರೆ ಯೀಸ್ಟ್ ಎಷ್ಟೇ ಚೆನ್ನಾಗಿದ್ದರೂ ಸರಿಯಾಗಿ ಮೇಲೇಳುವುದಿಲ್ಲ.

ಅಕ್ಕಿಯಲ್ಲಿ ಈ ಅಂಟು ಇಲ್ಲ. ಅದಕ್ಕೇ ಅಕ್ಕಿ ರೊಟ್ಟಿಗೆ ಹಿಟ್ಟನ್ನು ಕುದಿಯುವ ನೀರಿನಲ್ಲಿ ಉಕ್ಕರಿಸಬೇಕು, ಇಲ್ಲದಿದ್ದರೆ ತಟ್ಟುವಾಗಲೇ ಬಿರಿಯುತ್ತದೆ. ನಮ್ಮ ಗದ್ದೆಗಳಲ್ಲಿ ಬೆಳೆದದ್ದು ಭತ್ತ. ಹಾಗಾಗಿ ಕಡುಬು, ರೊಟ್ಟಿ, ದೋಸೆ ಹತ್ತಾರು ತರ ಬಂದವು, ಉಬ್ಬುವ ಬ್ರೆಡ್ ಬರಲಿಲ್ಲ.

ಈಗ ಗೋಧಿ ಹಿಟ್ಟಿನ ವಿಷಯ. ಬರೀ ಚಪಾತಿ ಹಿಟ್ಟಿನಲ್ಲಿ ಬ್ರೆಡ್ ಆಗುವುದಿಲ್ಲ ಅಂತಲ್ಲ. ಆದರೆ ಮೊದಲ ಸಲವೇ ಅದರಲ್ಲಿ ಕೈ ಹಾಕಬೇಡಿ. ಅದರಲ್ಲಿರುವ ತೌಡಿನ ಚೂರುಗಳು ಪೊರೆಯನ್ನು ಅಲ್ಲಲ್ಲಿ ಕತ್ತರಿಸುತ್ತವೆ. ಜೊತೆಗೆ ಗಿರಣಿಯ ಕಲ್ಲಿನಲ್ಲಿ ನುಣ್ಣಗೆ ಬೀಸಿದ ಹಿಟ್ಟು ಮೈದಾಕ್ಕಿಂತ ಜಾಸ್ತಿ ನೀರು ಕುಡಿಯುತ್ತದೆ. ಮೈದಾಕ್ಕೆ ಹೇಳಿದ ಅಳತೆಯ ನೀರನ್ನೇ ಗೋಧಿ ಹಿಟ್ಟಿಗೆ ಹಾಕಿದರೆ ಹಿಟ್ಟು ಒಣಗಿ ಕೂರುತ್ತದೆ. ಶುರುವಿಗೆ ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಇಟ್ಟುಕೊಳ್ಳಿ. ಕೈ ಕುದುರಿದ ಮೇಲೆ ಮೈದಾ ಕಡಿಮೆ ಮಾಡುತ್ತಾ ಹೋಗಬಹುದು. ಮೈದಾ ವಿಷ ಅಂತ ಹೆದರಿಸುವವರ ಮಾತಿಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ರಜೆಯಲ್ಲಿ ಮಕ್ಕಳು ನಾಲ್ಕು ಬನ್ನು ತಿಂದರೆ ಏನೂ ಆಗುವುದಿಲ್ಲ.

ಅಳತೆ ಹೇಳುತ್ತೇನೆ. ಹನ್ನೆರಡು ಬನ್ನಿಗೆ ಮೈದಾ 250 ಗ್ರಾಂ, ಗೋಧಿ ಹಿಟ್ಟು 250 ಗ್ರಾಂ. ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಅಂದರೆ ಒಂದೂವರೆ ಟೀ ಚಮಚ. ಉಪ್ಪು ಒಂದೂವರೆ ಟೀ ಚಮಚ. ಸಕ್ಕರೆ ಅಥವಾ ಬೆಲ್ಲದ ಪುಡಿ ಎರಡು ದೊಡ್ಡ ಚಮಚ. ಮನೆ ಬೆಣ್ಣೆ 30 ಗ್ರಾಂ, ಒಂದು ಸಣ್ಣ ನಿಂಬೆಹಣ್ಣಿನಷ್ಟು ಗಾತ್ರ. ತೆಳು ಮಜ್ಜಿಗೆ 150 ಮಿಲಿ, ನೀರು 200 ಮಿಲಿ. ನೀರಿನಲ್ಲಿ ಒಂದೆರಡು ಚಮಚ ಹಿಂದೆ ಇಟ್ಟುಕೊಂಡು, ಹಿಟ್ಟು ಕೇಳಿದರೆ ಹಾಕಿ. ಮಳೆಗಾಲದಲ್ಲಿ ಡಬ್ಬಿಯ ಹಿಟ್ಟೇ ಗಾಳಿಯ ತೇವ ಎಳೆದುಕೊಂಡಿರುತ್ತದೆ, ಸ್ವಲ್ಪ ಕಡಿಮೆ ಸಾಕಾಗಬಹುದು. ಬೇಸಿಗೆಯಲ್ಲಿ ಅಷ್ಟೂ ಬೇಕಾಗುತ್ತದೆ.

ಮಜ್ಜಿಗೆ ಯಾಕೆ ಅಂತ ಮುಂದೆ ಹೇಳುತ್ತೇನೆ, ರುಚಿಗಾಗಿ ಮಾತ್ರ ಅಲ್ಲ. ಹಾಲು ಹಾಕುವ ಮನಸ್ಸಿದ್ದರೆ ಕಾಯಿಸಿ ಆರಿಸಿದ ಹಾಲೇ ಆಗಬೇಕು. ಕರೆದ ಹಸಿ ಹಾಲು ಹಾಕಿದರೆ ಹಿಟ್ಟು ಸಡಿಲಾಗಿ ಚೆನ್ನಾಗಿ ಏಳುವುದಿಲ್ಲ. ರಾತ್ರಿಯ ಮೆತ್ತಗಿನ ಅನ್ನ ಉಳಿದಿದ್ದರೆ ಒಂದು ಹಿಡಿ ತೆಗೆದು, ನೀರು ಹಾಕದೆ ನುಣ್ಣಗೆ ಕಿವುಚಿ ಈ ಹಿಟ್ಟಿಗೆ ಸೇರಿಸಿ, ಕಲೆಸುವ ನೀರು ಮೂರು ಚಮಚ ಕಡಿಮೆ ಮಾಡಿ. ಬೆಂದ ಅಕ್ಕಿ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಬನ್ನು ಮಾರನೇ ಬೆಳಗ್ಗೆಯೂ ಮೆತ್ತಗಿರುತ್ತದೆ. ಕೆಂಪಕ್ಕಿ ಅನ್ನವಾದರೆ ಬಣ್ಣವೂ ಚೆಂದ.

ನಾದುವ ಕೆಲಸ ಅಂದರೆ ಎಲ್ಲರಿಗೂ ಭಯ. ಅದನ್ನು ಅರ್ಧ ಮಾಡುವ ಉಪಾಯ ಇದೆ. ಬೆಣ್ಣೆ ಬಿಟ್ಟು ಉಳಿದದ್ದನ್ನೆಲ್ಲ ಒಣ ಹಿಟ್ಟು ಕಾಣದ ಹಾಗೆ ಬೆರೆಸಿ, ಮುಚ್ಚಿಟ್ಟು ಅರ್ಧ ಗಂಟೆ ಬೇರೆ ಕೆಲಸ ನೋಡಿ. ಕೊಟ್ಟಿಗೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಹಿಟ್ಟು ತಾನಾಗಿಯೇ ಅರ್ಧ ಹದಕ್ಕೆ ಬಂದಿರುತ್ತದೆ. ನೀರು ಕುಡಿದ ಗೋಧಿಯಲ್ಲಿ ಅಂಟು ತಾನೇ ಹೆಣೆದುಕೊಳ್ಳುತ್ತದೆ, ನಿಮ್ಮ ರಟ್ಟೆಯ ಬಲ ಆಗ ಬೇಕಿಲ್ಲ. ಆಮೇಲೆ ಬೆಣ್ಣೆ ಹಾಕಿ ಐದಾರು ನಿಮಿಷ ನಾದಿದರೆ ಸಾಕು. ಶುರುವಿನಲ್ಲಿ ಬೆಣ್ಣೆ ಜಾರಿ, ಹಿಟ್ಟು ಕೈಗೆಲ್ಲ ಮೆತ್ತಿ, ಹಾಳಾಯಿತು ಅನಿಸುತ್ತದೆ. ಆಗ ಒಣ ಹಿಟ್ಟು ಉದುರಿಸಲು ಕೈ ಹೋಗುತ್ತದೆ, ಉದುರಿಸಬೇಡಿ. ಎರಡು ನಿಮಿಷದಲ್ಲಿ ಬೆಣ್ಣೆ ಒಳಗೆ ಸೇರಿ ಹಿಟ್ಟು ಪಾತ್ರೆ ಬಿಟ್ಟು ಬರುತ್ತದೆ. ಒಂದು ಗೋಲಿಯಷ್ಟು ಹಿಟ್ಟು ತೆಗೆದು ಬೆರಳುಗಳ ನಡುವೆ ಹಿಗ್ಗಿಸಿ ಕಿಟಕಿಗೆ ಹಿಡಿಯಿರಿ. ಆಚೆಯ ಬೆಳಕು ಮಬ್ಬಾಗಿ ಕಂಡರೆ ನಾದಿದ್ದು ಸಾಕು.

ಇನ್ನು ಆ "ಒಂದು ಗಂಟೆ". ಪಾಕ ಬರೆಯುವವರು ಒಂದು ಗಂಟೆ ಅಂತ ಸಲೀಸಾಗಿ ಬರೆದುಬಿಡುತ್ತಾರೆ. ಎಲ್ಲಿ, ಯಾವ ತಿಂಗಳಲ್ಲಿ ಅಂತ ಹೇಳುವುದಿಲ್ಲ. ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯ ಮನೆಯಲ್ಲಿ ಒಂದು ಗಂಟೆಯೊಳಗೇ ಹಿಟ್ಟು ಎರಡರಷ್ಟಾಗುತ್ತದೆ. ಆಷಾಢದ ಮಳೆಯಲ್ಲಿ ನಿಮ್ಮ ಅಡುಗೆಮನೆಯಲ್ಲಿ ಅದಕ್ಕೆ ಎರಡು ಗಂಟೆ ಬೇಕು. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಮೂರೂ ಆಗಬಹುದು. ಯೀಸ್ಟ್ 25ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕಾಗಿ ಕೆಲಸ ಮಾಡುತ್ತದೆ, ಚಳಿಯಲ್ಲಿ ತೂಕಡಿಸುತ್ತದೆ. ಹಾಗಾಗಿ ಗಡಿಯಾರ ಬಿಟ್ಟು ಹಿಟ್ಟು ನೋಡಿ. ಗೋಡೆ ನೇರ ಇರುವ ಸ್ಟೀಲ್ ಡಬ್ಬಿಯಲ್ಲಿ ಹಿಟ್ಟಿಟ್ಟು, ಎಲ್ಲಿಯವರೆಗಿದೆ ಅಂತ ಹೊರಗೆ ಒಂದು ಗುರುತು ಮಾಡಿ. ಅದರ ಎರಡರಷ್ಟು ಎತ್ತರ ಬಂದ ಮೇಲಷ್ಟೇ ಮುಂದಿನ ಕೆಲಸ. ಹಿಟ್ಟು ಹಚ್ಚಿದ ಬೆರಳಿನಿಂದ ಚುಚ್ಚಿದರೆ ಗುಳಿ ನಿಧಾನಕ್ಕೆ, ಅರ್ಧ ಮಾತ್ರ ತುಂಬಬೇಕು. ಪಟ್ಟನೆ ತುಂಬಿದರೆ ಇನ್ನೂ ಕಾಯಿರಿ.

ಹಳ್ಳಿಮನೆಗೆ ಒಂದು ಅನುಕೂಲ ಇದೆ, ಅದು ಪೇಟೆಯವರಿಗಿಲ್ಲ. ಬಚ್ಚಲೊಲೆ ಉರಿಯುವ ಮನೆಯಲ್ಲಿ ಆ ಗೋಡೆಯ ಪಕ್ಕ ಮಳೆಗಾಲದಲ್ಲೂ ಬೆಚ್ಚಗಿರುತ್ತದೆ. ಹಂಡೆಯಿಂದ ಒಂದು ಮಾರು ದೂರದಲ್ಲಿ ಡಬ್ಬಿ ಇಡಿ. ಅಂಗೈ ಇಟ್ಟು ನೋಡಿದರೆ ಹಿತ ಅನಿಸಬೇಕು, ಬಿಸಿ ಅನಿಸಬಾರದು.

ಯೀಸ್ಟ್ ಬಗ್ಗೆ ಎರಡು ಮಾತು. ಸಣ್ಣ ರವೆಯ ಹಾಗಿರುವ ಇನ್‌ಸ್ಟಂಟ್ ಯೀಸ್ಟನ್ನು ನೇರವಾಗಿ ಹಿಟ್ಟಿಗೆ ಬೆರೆಸಬಹುದು. ದಪ್ಪ ಕಾಳಿನ ಡ್ರೈ ಯೀಸ್ಟ್ ಆದರೆ ಉಗುರು ಬೆಚ್ಚಗಿನ ನೀರು, ಚಿಟಿಕೆ ಸಕ್ಕರೆ ಹಾಕಿ ಹತ್ತು ನಿಮಿಷ ಇಟ್ಟು, ನೊರೆ ಬಂದರೆ ಮಾತ್ರ ಬಳಸಿ. ನೀರು ಕೈ ಸುಡುವಷ್ಟು ಬಿಸಿಯಿದ್ದರೆ, ಅಂದರೆ 55–60 ಡಿಗ್ರಿ ಮುಟ್ಟಿದರೆ, ಯೀಸ್ಟ್ ಸತ್ತೇ ಹೋಗುತ್ತದೆ. ಒಡೆದ ಪೊಟ್ಟಣವನ್ನು ಒಗ್ಗರಣೆ ಡಬ್ಬಿ ಪಕ್ಕ ಇಡಬೇಡಿ, ನಮ್ಮ ತೇವದ ಗಾಳಿಗೆ ಬೇಗ ಹಾಳಾಗುತ್ತದೆ. ಗಾಳಿಯಾಡದ ಪುಟ್ಟ ಬಾಟಲಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ.

ಅತ್ತೆಯವರಿಗೆ ಹೀಗೆ ಹೇಳಿ: ಯೀಸ್ಟ್ ಪ್ರಾಣಿಯಲ್ಲ, ಅಣಬೆಯ ಜಾತಿಗೆ ಸೇರಿದ ಕಣ್ಣಿಗೆ ಕಾಣದ ಒಂದು ಸೂಕ್ಷ್ಮಜೀವಿ. ದೋಸೆ ಹಿಟ್ಟು ಹುಳಿ ಬರಿಸುವುದು, ಹಾಲನ್ನು ಮೊಸರು ಮಾಡುವುದು ಮುಖ್ಯವಾಗಿ ಬ್ಯಾಕ್ಟೀರಿಯಾ. ಬ್ರೆಡ್ ಉಬ್ಬಿಸುವುದು ಯೀಸ್ಟ್. ಮೂರೂ ಒಂದೇ ತರದ ಕೆಲಸ. ಮೊಟ್ಟೆ, ಮಾಂಸ ಯಾವುದೂ ಇದರಲ್ಲಿ ಇಲ್ಲ. ಅಯ್ಯಂಗಾರ್ ಬೇಕರಿಗಳಲ್ಲಿ ಮೊಟ್ಟೆ ಮುಟ್ಟದೆ ಬ್ರೆಡ್ ಮಾಡುತ್ತಾ ಬಂದಿರುವುದೂ ಯೀಸ್ಟ್‌ನಿಂದಲೇ. ಅಣಬೆಯನ್ನೇ ತಿನ್ನದ ಮನೆಯಾದರೆ ವಿಷಯ ಬೇರೆ. ಆಗ ಯೀಸ್ಟ್ ಬಿಟ್ಟು ಮಾಡುವ ಒಂದು ಬ್ರೆಡ್ ಇದೆ, ಕೊನೆಯಲ್ಲಿ ಹೇಳುತ್ತೇನೆ. ಗೋವಾದಲ್ಲಿ ಹಿಂದೆ ಬ್ರೆಡ್ ಹಿಟ್ಟನ್ನು ತೆಂಗಿನ ಕಳ್ಳಿನಿಂದ ಉಬ್ಬಿಸುತ್ತಿದ್ದರು. ನಮ್ಮ ಕಾಡಿನಲ್ಲಿ ಕಳ್ಳು ಕೊಡುವ ಬಗನಿ ಮರ ಇದ್ದರೂ ಆ ದಾರಿ ನಿಮ್ಮ ಅತ್ತೆಯವರಿಗೆ ಇನ್ನೂ ಕಷ್ಟ ಅಂತ ಕಾಣುತ್ತದೆ!

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬೇಕರಿಯ ಚೌಕದ ದೊಡ್ಡ ಬ್ರೆಡ್ಡನ್ನೇ ಮನೆಯಲ್ಲಿ ಮಾಡಬೇಕು ಅನ್ನುವ ಹಟ ಬಿಡಿ. ಅದು ಎಲ್ಲಾ ಕಡೆಯಿಂದ ಸಮನಾಗಿ 200 ಡಿಗ್ರಿ ಕಾವು ಕೊಡುವ ಓವನ್‌ಗೆ ಹೊಂದುವ ಆಕಾರ. ನಿಮ್ಮ ಮನೆಯಲ್ಲಿರುವುದು ದೋಸೆ ಕಾವಲಿ. ಅದಕ್ಕೆ ಹೊಂದುವುದು ಚಪ್ಪಟೆ ಬನ್ನು. ಸ್ಯಾಂಡ್‌ವಿಚ್‌ಗೆ ನಿಜಕ್ಕೂ ಇದೇ ವಾಸಿ. ಮಧ್ಯಾಹ್ನ ಕಲೆಸಿದರೆ ಸಂಜೆಗೆ ಬಿಸಿ, ರಾತ್ರಿಗೆ ಖಾಲಿ. ಬೂಷ್ಟು ಬರಲು ಪುರುಸೊತ್ತೇ ಇರುವುದಿಲ್ಲ.

ಹಿಟ್ಟು ಉಬ್ಬಿದ ಮೇಲೆ ಮೆಲ್ಲಗೆ ಅದುಮಿ ಹನ್ನೆರಡು ಭಾಗ ಮಾಡಿ. ಒಂದೊಂದನ್ನೂ ಅಂಚು ಕೆಳಗೆ ಮಡಚುತ್ತಾ ಉಂಡೆ ಕಟ್ಟಿ. ಒಂದು ಬಾಳೆಲೆಯನ್ನು ಒಲೆಯ ಮೇಲೆ ಬಾಡಿಸಿ, ಅಂಗೈಯಗಲದ ತುಂಡುಗಳಾಗಿ ಹರಿದು, ಎಣ್ಣೆ ಸವರಿ. ಒಂದೊಂದು ತುಂಡಿನ ಮೇಲೆ ಒಂದೊಂದು ಉಂಡೆ ಇಟ್ಟು ಅರ್ಧ ಬೆರಳಿನ ದಪ್ಪಕ್ಕೆ ಒತ್ತಿ. ಒದ್ದೆ ಬಟ್ಟೆ ಮುಚ್ಚಿ ಮತ್ತೆ ಮುಕ್ಕಾಲು ಗಂಟೆ ಬಿಡಿ. ಎಲೆಯ ಕೆಲಸ ಗೊತ್ತಾಗುವುದು ಈಗ. ಎರಡನೇ ಸಲ ಉಬ್ಬಿದ ಬನ್ನನ್ನು ಕೈಯಲ್ಲಿ ಎತ್ತಿದರೆ ಗಾಳಿ ಹೋಗಿ ಕುಸಿಯುತ್ತದೆ. ಎಲೆ ಸಮೇತ ಎತ್ತಿ ಕಾವಲಿಗೆ ಇಳಿಸಿದರೆ ಕುಸಿಯುವುದಿಲ್ಲ.

ಕಾವಲಿ ಮೊದಲು ಹದವಾಗಿ ಕಾಯಲಿ, ಬನ್ನು ಇಟ್ಟ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ ಬೋಗುಣಿ ಕವುಚಿ. ನೀರು ಚಿಮುಕಿಸಿದರೆ ದೋಸೆಗೆ ಚುಂಯ್ ಅನ್ನಬೇಕು, ಇಲ್ಲಿ ಅಷ್ಟು ಕಾವು ಬೇಡ. ಎಲೆ ಮೊದಲು ಕಡುಹಸಿರಾಗುತ್ತದೆ, ಆಮೇಲೆ ಅಂಚು ಕಂದಾಗಿ ಮುರುಟಿಕೊಳ್ಳುತ್ತದೆ. ಮೂರ್ನಾಲ್ಕು ನಿಮಿಷಕ್ಕೆ ಬನ್ನಿನ ತಳ ಗಟ್ಟಿಯಾಗಿ ಎಲೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಎಲೆ ಎಳೆದು ತೆಗೆದು ಅದೇ ಮಗ್ಗುಲನ್ನು ಇನ್ನು ಮೂರು ನಿಮಿಷ ಬೇಯಿಸಿ. ಮಗುಚಿ ಇನ್ನೊಂದು ಮಗ್ಗುಲು ಆರೇಳು ನಿಮಿಷ. ಎರಡೂ ಕಡೆ ಕಂದು ಬಿಲ್ಲೆ ಮೂಡಿ, ನಡುವಿನ ಸುತ್ತು ಬೆಳ್ಳಗೆ ಉಳಿಯುತ್ತದೆ. ಆ ಬಿಳಿ ಸುತ್ತನ್ನು ಬೆರಳಿನಿಂದ ಒತ್ತಿ. ಪುಟಿದು ಮೇಲೆ ಬಂದರೆ ಬೆಂದಿದೆ, ಗುಳಿ ಹಾಗೇ ನಿಂತರೆ ಒಳಗೆ ಹಸಿಯಿದೆ. ಉರಿ ಜಾಸ್ತಿ ಇಟ್ಟವರಿಗೆಲ್ಲ ಒಂದೇ ದೂರು, ಮೇಲೆ ಕರಕು, ಒಳಗೆ ಹಿಟ್ಟು. ನಾನ್‌ಸ್ಟಿಕ್ ತವಾ ಬೇಡ, ದಪ್ಪ ಕಬ್ಬಿಣದ ಕಾವಲಿಯೇ ಕಾವನ್ನು ಸಮನಾಗಿ ಹಿಡಿಯುವುದು.

ಕನಿಷ್ಠ ಇಪ್ಪತ್ತು ನಿಮಿಷ ಆರಲು ಬಿಡಿ. ಬಿಸಿಯಲ್ಲೇ ಕೊಯ್ದರೆ ಒಳಗೆ ಅಂಟಂಟಾಗಿರುತ್ತದೆ. ಆರಿದ ಮೇಲೆ ಚಾಕು ಬಿಟ್ಟು, ಸುತ್ತಲೂ ಮುಳ್ಳುಚಮಚದಿಂದ ಚುಚ್ಚಿ ಕೈಯಲ್ಲೇ ಬಿಡಿಸಿ. ಒಳಮೈ ತರಿತರಿಯಾಗಿ ಬರುತ್ತದೆ, ಬೆಣ್ಣೆ ಅದರಲ್ಲಿ ಚೆನ್ನಾಗಿ ಕೂರುತ್ತದೆ.

ಕುಕ್ಕರ್ ಬ್ರೆಡ್ ಬೇಕೇ ಬೇಕು ಅಂದರೆ ಆದೀತು. ಗ್ಯಾಸ್ಕೆಟ್, ವಿಶಲ್ ಎರಡನ್ನೂ ಮರೆಯದೆ ತೆಗೆದಿಡಿ. ತಳಕ್ಕೆ ಒಂದು ಇಂಚು ಪುಡಿ ಉಪ್ಪು ಅಥವಾ ತೊಳೆದು ಒಣಗಿಸಿದ ಮರಳು ಹರಡಿ, ಹತ್ತು ನಿಮಿಷ ಕಾಯಿಸಿ, ಬೆಣ್ಣೆ ಸವರಿದ ಡಬ್ಬಿಯಲ್ಲಿ ಮೇಲೆ ಹೇಳಿದ ಹಿಟ್ಟಿನ ಅರ್ಧ ಇಟ್ಟು, ಸಣ್ಣ ಉರಿಯಲ್ಲಿ 35–40 ನಿಮಿಷ ಬೇಯಿಸಿ. ನೀರಿಲ್ಲದೆ ಕಾಯಿಸಿದರೆ ಕುಕ್ಕರ್ ಹಾಳಾಗುತ್ತದೆ, ಆದ್ದರಿಂದ ಮೂಲೆಗೆ ಬಿದ್ದ ಹಳೆಯದನ್ನು ಇದಕ್ಕೆ ಮೀಸಲಿಡಿ. ಮೇಲಿನಿಂದ ಕಾವು ಇಲ್ಲದ್ದರಿಂದ ಬ್ರೆಡ್ಡಿನ ನೆತ್ತಿ ಬೆಳ್ಳಗೇ ಉಳಿಯುತ್ತದೆ. ಕೊನೆಗೆ ಡಬ್ಬಿಯಿಂದ ತೆಗೆದು ಕಾವಲಿಯ ಮೇಲೆ ಮೂರು ನಿಮಿಷ ಮಗುಚಿಡಿ. ಸೌದೆ ಒಲೆಯ ಮನೆಯಾದರೆ ಇನ್ನೂ ಸುಲಭ. ಕೊಂಕಣಿ ಮನೆಗಳಲ್ಲಿ ಸೌತೆಕಾಯಿಯ ತವಸೊಳಿ ಬೇಯಿಸುತ್ತಿದ್ದ ಕ್ರಮ ನೋಡಿರುತ್ತೀರಿ. ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ದಪ್ಪ ಪಾತ್ರೆ, ಚಪ್ಪಟೆ ಮುಚ್ಚಳ ಇದ್ದರೆ ಬ್ರೆಡ್ಡಿಗೂ ಅದೇ ಸಾಕು. ಕೆಳಗೆ ಕಡಿಮೆ ಕೆಂಡ, ಮೇಲೆ ಜಾಸ್ತಿ, ಇದೊಂದು ನೆನಪಿರಲಿ.

ಪೇಟೆ ಬ್ರೆಡ್ಡಿಗೆ ಬೂಷ್ಟು ಯಾಕೆ ಅಂತಲೂ ಕೇಳಿದ ಹಾಗಾಯಿತು. ಆಗುಂಬೆ ಇರುವ ತಾಲ್ಲೂಕು ನಿಮ್ಮದು. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಆ ಗಾಳಿಯಲ್ಲಿ ಚರ್ಮದ ಚಪ್ಪಲಿಗೇ ಬೂಷ್ಟು ಬರುತ್ತದೆ, ಬ್ರೆಡ್ ಬಿಡುತ್ತಾ? ಪ್ಯಾಕೆಟ್ ಬ್ರೆಡ್ಡಿಗೆ ಸಾಮಾನ್ಯವಾಗಿ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಹಾಕಿರುತ್ತಾರೆ. ಅದು ಬೂಷ್ಟನ್ನು ಕೆಲವು ದಿನ ತಡೆಯುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಮನೆ ಬ್ರೆಡ್ಡಿಗೆ ಅದೂ ಇಲ್ಲ, ಮಳೆಗಾಲದಲ್ಲಿ ಎರಡನೇ ದಿನದೊಳಗೆ ಮುಗಿಸಬೇಕು. ಒಂದು ಮೂಲೆಯಲ್ಲಿ ಹಸಿರು ಕಂಡರೆ ಅಷ್ಟನ್ನು ಕಿತ್ತು ಉಳಿದದ್ದು ತಿನ್ನುವ ಅಭ್ಯಾಸ ಹಲವರಿಗಿದೆ. ಬೇಡ. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣುವ ಜಾಗಕ್ಕಿಂತ ಆಚೆಗೂ ಹೋಗಿರುತ್ತವೆ. ದನಕ್ಕೂ ಹಾಕಬೇಡಿ, ಬೂಷ್ಟು ಬಿಡುವ ವಿಷ ಅವಕ್ಕೂ ವಿಷವೇ. ಗೊಬ್ಬರಗುಂಡಿಗೆ ಹಾಕಿ.

ಬೂಷ್ಟು ಕಣ್ಣಿಗಾದರೂ ಕಾಣುತ್ತದೆ. ಇನ್ನೊಂದು ಕೇಡು ಇದೆ, ಕಾಣುವುದಿಲ್ಲ. ಸೆಕೆ, ತೇವ ಎರಡೂ ಇರುವಾಗ ಬ್ರೆಡ್ಡಿನ ಒಳಗೆ ತೀರಾ ಕಳಿತ ಹಣ್ಣಿನ ವಾಸನೆ ಬಂದು, ಮುರಿದರೆ ನೂಲಿನಂತೆ ಅಂಟು ಎಳೆ ಬರುತ್ತದೆ. ಹಿಟ್ಟಿನಲ್ಲೇ ಇದ್ದ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯದೆ ಮತ್ತೆ ಬೆಳೆಯುವುದರಿಂದ ಹೀಗಾಗುತ್ತದೆ. ಹುಳಿ ಇದ್ದ ಕಡೆ ಆ ಬ್ಯಾಕ್ಟೀರಿಯಾ ಸರಿಯಾಗಿ ಬೆಳೆಯುವುದಿಲ್ಲ. ಕಲೆಸುವಾಗ ಮಜ್ಜಿಗೆ ಹಾಕಲು ಹೇಳಿದ್ದು ಇದಕ್ಕೇ. ಜೊತೆಗೆ ಬ್ರೆಡ್ ಪೂರ್ತಿ ಆರುವ ಮೊದಲು ಡಬ್ಬಿಗೆ ಹಾಕಿ ಮುಚ್ಚಬೇಡಿ. ಬೆವರಿದ ಬ್ರೆಡ್ ಬೇಗ ಕೆಡುತ್ತದೆ. ಫ್ರಿಜ್‌ನಲ್ಲಿಟ್ಟರೆ ಬೂಷ್ಟು ತಡವಾಗುತ್ತದೆ ನಿಜ, ಆದರೆ ಹೊರಗಿಟ್ಟದ್ದಕ್ಕಿಂತ ಬೇಗ ಬಿರುಸಾಗುತ್ತದೆ. ಫ್ರೀಜರ್ ಒಳ್ಳೆಯದು, ಕರೆಂಟ್ ಇದ್ದರೆ! ಮಳೆಗಾಲದಲ್ಲಿ ಆ ಮಾತು ಕೊಡಲು ಯಾರಿಂದಲೂ ಆಗದು.

ಬೇಕರಿ ಬ್ರೆಡ್ಡಿನಷ್ಟು ಹಗುರ ಮನೆಯಲ್ಲಿ ಬರಲಿಲ್ಲ ಅಂತ ಬೇಜಾರಾಗಬೇಡಿ. ಅಲ್ಲಿ ಯಂತ್ರ ನಾದುತ್ತದೆ, ಹಿಟ್ಟನ್ನು ಸುಧಾರಿಸುವ ಪುಡಿಗಳನ್ನೂ ಹಾಕುವುದುಂಟು. ಹಾಗೆ ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು 2016ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧಿಸಿತು.

ಒಳಗಿಡುವುದಕ್ಕೆ ಬರೋಣ. ಪೇಟೆಯ ಮೇಯೊನೇಸ್ ಬಾಟಲಿಯ ಗೊಡವೆ ನಿಮಗೆ ಬೇಡವೇ ಬೇಡ. ಮನೆ ಸ್ಯಾಂಡ್‌ವಿಚ್ ಕೆಡುವುದು ರುಚಿ ಸಾಲದೆ ಅಲ್ಲ, ನೀರು ಜಾಸ್ತಿಯಾಗಿ. ನೀರು ಬಿಡುವ ಯಾವುದನ್ನೂ ಹಾಗೇ ಒಳಗಿಡಬಾರದು. ಬನ್ನಿನ ಒಳಮೈಗೆ ಅಂಚಿನವರೆಗೂ ಮೆತ್ತನೆಯ ಬೆಣ್ಣೆ ಸವರಿ. ನಡುವೆ ಒಂದು ಮುದ್ದೆ ಇಟ್ಟು ಬಿಟ್ಟರೆ ಪ್ರಯೋಜನ ಇಲ್ಲ. ಬೆಣ್ಣೆ ಇದ್ದ ಜಾಗದಲ್ಲಿ ನೀರು ಇಳಿಯುವುದಿಲ್ಲ.

ಮಳೆಗಾಲದಲ್ಲಿ ಹಿತ್ತಲಿನಲ್ಲಿ ಮುಳ್ಳುಸೌತೆ ಬಂದಿರುತ್ತದೆ. ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಿ, ಉಪ್ಪು ಸವರಿ ಹತ್ತು ನಿಮಿಷ ಇಟ್ಟು, ಎರಡೂ ಅಂಗೈ ನಡುವೆ ಒತ್ತಿ ಹಿಂಡಿ. ಎಷ್ಟು ನೀರು ಇಳಿಯುತ್ತದೆ ನೋಡಿ! ಬೆಣ್ಣೆ ಸವರಿದ ಬನ್ನಿನ ಮೇಲೆ ಅದನ್ನು ಹಾಸಿ, ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿಯ ಕಾಳುಮೆಣಸನ್ನು ಆಗಷ್ಟೇ ಕುಟ್ಟಿ ಉದುರಿಸಿ. ಇಷ್ಟೇ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸ್ಯಾಂಡ್‌ವಿಚ್ ಇಲ್ಲ, ಮತ್ತು ಹಿಟ್ಟು, ಉಪ್ಪು, ಸಕ್ಕರೆ, ಯೀಸ್ಟ್ ಬಿಟ್ಟರೆ ಎಲ್ಲವೂ ನಿಮ್ಮ ಮನೆಯದೇ.

ಮಾವಿನ ಮಿಡಿ ಉಪ್ಪಿನಕಾಯಿ ಇಲ್ಲದ ಮನೆ ನಿಮ್ಮ ಕಡೆ ಇರಲಾರದು. ಮೊಸರನ್ನು ರಾತ್ರಿ ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ. ಬೆಳಗ್ಗೆ ಸಿಗುವ ಗಟ್ಟಿ ಮೊಸರಿಗೆ ಒಂದೆರಡು ಮಿಡಿಯನ್ನು ಓಟೆ ತೆಗೆದು ಸಣ್ಣಗೆ ಹೆಚ್ಚಿ, ಒಂದು ಚಮಚ ಉಪ್ಪಿನಕಾಯಿ ರಸದ ಜೊತೆ ಬೆರೆಸಿ. ಬೇರೆ ಉಪ್ಪು ಹಾಕಬೇಡಿ. ಮಕ್ಕಳಿಗೆ ಖಾರ ಆದರೆ ಚೂರು ಬೆಲ್ಲ ಸೇರಿಸಿ. ಹಾಸ್ಟೆಲ್ ಮಕ್ಕಳು ಇದನ್ನು ಡಬ್ಬಿ ತುಂಬಾ ಕೇಳುತ್ತಾರೆ, ಕೊಡಬೇಡಿ, ಮೊಸರು ದಾರಿಯಲ್ಲಿ ಹುಳಿ ಏರುತ್ತದೆ.

ಪಲ್ಯ ಇಡುವುದಾದರೆ ಎಳೆ ಹಲಸಿನಕಾಯಿ, ಬಾಳೆಕಾಯಿ ಎರಡೂ ಹೊಂದುತ್ತವೆ. ಬೇಯಿಸಿ ಕಿವುಚಿ, ಬಾಣಲೆಯಲ್ಲಿ ನೀರೆಲ್ಲ ಹೋಗುವವರೆಗೆ ಬಾಡಿಸಿ. ಕಾಯಿತುರಿ ಹಾಕಿದರೆ ಮಾಡಿದ ಹೊತ್ತಿಗೇ ತಿನ್ನಬೇಕು. ಕೆಂಡದಲ್ಲಿ ಸುಟ್ಟ ಬದನೆಕಾಯಿಯ ತಿರುಳಿಗೆ ಸೂಜಿಮೆಣಸು, ಉಪ್ಪು, ಹಸಿ ಈರುಳ್ಳಿ ಹಾಕಿ ಗಟ್ಟಿಯಾಗಿ ಕಲೆಸಿದರೂ ಚೆನ್ನ. ಮೊಟ್ಟೆ ತಿನ್ನುವ ಮನೆಯಾದರೆ ನಾಟಿ ಕೋಳಿ ಮೊಟ್ಟೆ ಬೇಯಿಸಿ, ಬೆಣ್ಣೆ, ಕಾಳುಮೆಣಸಿನ ಜೊತೆ ಕಿವುಚಿಡಿ. ಚೀಸ್ ಬೇಕು ಅಂತ ಮಕ್ಕಳು ಹಟ ಹಿಡಿದರೆ ಪೇಟೆಯಿಂದ ತನ್ನಿ, ಅದಕ್ಕೆ ಮನೆಯಲ್ಲಿ ಬದಲಿ ಇಲ್ಲ. ಸಿಹಿಗೆ ಬಿಸಿ ಬನ್ನು ಬಿಡಿಸಿ ಬೆಣ್ಣೆ ಹಚ್ಚಿ ಮೇಲೆ ಜೋನಿ ಬೆಲ್ಲ.

ಬಿಸಿ ಸ್ಯಾಂಡ್‌ವಿಚ್‌ಗೆ ಮಷೀನ್ ಏನೂ ಬೇಡ. ಕಾವಲಿಗೆ ತುಪ್ಪ ಸವರಿ ಬನ್ನಿಟ್ಟು, ಮೇಲೆ ಒಂದು ತಟ್ಟೆ, ತಟ್ಟೆಯ ಮೇಲೆ ನೀರು ತುಂಬಿದ ಚೊಂಬು. ಸಣ್ಣ ಉರಿಯಲ್ಲಿ ಎರಡೂ ಕಡೆ ಎರಡೆರಡು ನಿಮಿಷ. ಮಿಕ್ಕ ಬನ್ನುಗಳನ್ನು ಮಾರನೇ ದಿನ ತೆಳ್ಳಗೆ ಕೊಯ್ದು, ಆರುತ್ತಿರುವ ಒಲೆಯ ಮೇಲೆ ಜಾಲರಿಯಲ್ಲಿಟ್ಟು ಪೂರ್ತಿ ಒಣಗಿಸಿದರೆ ರಸ್ಕ್ ಆಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಅದು ಮಳೆಗಾಲದಲ್ಲೂ ಉಳಿಯುತ್ತದೆ, ಕಾಫಿಗೆ ಬಂತು.

ಯೀಸ್ಟ್ ಇಲ್ಲದ ಬ್ರೆಡ್ ಹೇಳುತ್ತೇನೆ ಅಂದಿದ್ದೆ. ಗೋಧಿ ಹಿಟ್ಟು 250 ಗ್ರಾಂ, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಚೆನ್ನಾಗಿ ಹುಳಿ ಬಂದ ಮಜ್ಜಿಗೆ ಸುಮಾರು 200 ಮಿಲಿ. ಇದನ್ನು ನಾದಲೇಬಾರದು. ಚಮಚದಲ್ಲಿ ಕೂಡಿಸಿ, ಕಾದ ಕುಕ್ಕರ್‌ಗೆ ತಡಮಾಡದೆ ಇಡಿ. ಸೋಡಾ ಹುಳಿಗೆ ಸೇರಿದ ಕೂಡಲೇ ಗಾಳಿ ಏಳುತ್ತದೆ, ಕಾಯುತ್ತಾ ಕೂತರೆ ಅದು ಹೊರಟುಹೋಗುತ್ತದೆ. 35–40 ನಿಮಿಷದಲ್ಲಿ ಬ್ರೆಡ್ ರೆಡಿ. ಪುಡಿಪುಡಿಯಾಗುವುದರಿಂದ ಸ್ಯಾಂಡ್‌ವಿಚ್‌ಗೆ ಆಗದು. ಬೆಣ್ಣೆ, ಬೆಲ್ಲದ ಜೊತೆಗೆ ಚೆನ್ನ. ಅತ್ತೆಯವರಿಗೆ ಇದು ಹಿಡಿಸೀತು.

ಓವನ್ ತಗೊಳ್ಳಬೇಕಾ ಅಂದಿರಿ. ಈಗಲೇ ಬೇಡ, ಕಾವಲಿ ಬನ್ನು ಕೈಗೆ ಕೂರಲಿ. ಆಮೇಲೂ ಆಸೆ ಇದ್ದರೆ 25–30 ಲೀಟರ್‌ನ ಓಟಿಜಿ, ಅಂದರೆ ಕರೆಂಟಿನ ಪುಟ್ಟ ಓವನ್, ನಿಮ್ಮ ಮನೆಗೆ ಸಾಕು. ಅಂಗಡಿಗೆ ಹೋಗುವ ಮೊದಲು ನಿಮ್ಮ ಮನೆಯ ವೋಲ್ಟೇಜ್ ಎಷ್ಟು ಅಂತ ಲೈನ್‌ಮನ್ ಅಥವಾ ಎಲೆಕ್ಟ್ರಿಷಿಯನ್ ಹತ್ತಿರ ಸಂಜೆ ಹೊತ್ತು ಒಮ್ಮೆ ಅಳೆಸಿ ನೋಡಿ. 230 ಇರಬೇಕಾದ ಕಡೆ 180 ಬರುತ್ತಿದ್ದರೆ ಓಟಿಜಿಯ ಕಾಯಿಲ್ ತನ್ನ ಶಕ್ತಿಯ 60 ಪರ್ಸೆಂಟ್‌ನಷ್ಟು ಕಾವು ಮಾತ್ರ ಕೊಡುತ್ತದೆ. ಆಗ ಅರ್ಧ ಗಂಟೆಯ ಬ್ರೆಡ್ ಒಂದು ಗಂಟೆ ಒಳಗಿದ್ದು ಒಣಗುತ್ತದೆ. ಹಾಗಿದ್ದರೆ ಪಂಪ್‌ಸೆಟ್‌ಗಳು ಓಡದ, ಕರೆಂಟ್ ಚೆನ್ನಾಗಿರುವ ಹೊತ್ತು ಯಾವುದು ಅಂತ ನೋಡಿಕೊಂಡು ಆಗ ಬೇಯಿಸಿ.